ಬಿಳಿ ಮಹಾ ಮತ್ತು ಬೆಲ್ಲದ ಗಟ್ಟಿ

ಆ ಮನೆಗೆ ಎರಡು ಬಾಗಿಲುಗಳಿದ್ದವು. ಮುಂದಿನ ಬಾಗಿಲು ಅತಿಥಿಗಳ ಅಡುಗೆಮನೆಯ ಅಂಗಳಕ್ಕೆ ತೆರೆಯುತ್ತಿತ್ತು, ಅದು ಅಪ್ಪನದು. ಹಿಂದಿನ ಬಾಗಿಲು ಪ್ರಾಣಿಗಳ ಬೇಲಿಯ ಕಡೆಗೆ ತೆರೆಯುತ್ತಿತ್ತು, ಅದು ಅಮ್ಮನದು. ಮನೆ ಎಂದರೆ ಎರಡು ಪೋರ್ಟಾಕ್ಯಾಬಿನ್‌ಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿ, ನಡುವಿನ ತಗಡನ್ನು ಕತ್ತರಿಸಿ ದಾರಿ ಮಾಡಿದ್ದು ಅಷ್ಟೆ. ಕತ್ತರಿಸಿದ ಅಂಚು ಕೈಗೆ ತಾಗದಂತೆ ಅಪ್ಪ ಅದಕ್ಕೆ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಸಿಕ್ಕಿಸಿದ್ದರು. ಒಂದು ಕೋಣೆಯಲ್ಲಿ ಮಂಚ, ನನ್ನ ಪುಸ್ತಕಗಳು, ದೇವರ ಫೋಟೋ. ಇನ್ನೊಂದರಲ್ಲಿ ಗ್ಯಾಸ್ ಒಲೆ, ಅಕ್ಕಿಯ ಚೀಲ, ಊರಿನಿಂದ ಹೊತ್ತು ತಂದ ಗ್ರೈಂಡರ್. ಬೇಸಿಗೆಯಲ್ಲಿ ಆ ತಗಡು ಸಂಜೆಯವರೆಗೂ ಕಾದಿರುತ್ತಿತ್ತು. ಚಳಿಗಾಲದ ಬೆಳಿಗ್ಗೆ ಒಳಗಿನಿಂದಲೇ ಬೆವರುತ್ತಿತ್ತು. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಅದರ ಮೇಲೆ ಬೆರಳಿನಿಂದ ಲೆಕ್ಕ ಬಿಡಿಸುತ್ತಿದ್ದೆ.

ಅದಕ್ಕೆ ಮೊದಲು ನಾವಿದ್ದದ್ದು ಗಲ್ಫಿನ ಮಂಗಫ್‌ನಲ್ಲಿ, ರಿಫೈನರಿ ನೌಕರರೇ ತುಂಬಿದ್ದ ಕಟ್ಟಡವೊಂದರಲ್ಲಿ, ಇನ್ನೊಂದು ಕುಟುಂಬದ ಜೊತೆ ಒಂದೇ ಫ್ಲಾಟನ್ನು ಹಂಚಿಕೊಂಡು. ಹಾಲ್ ನಡುವೆ ಒಂದು ಪರದೆ ಕಟ್ಟಿತ್ತು. ಪರದೆಯ ಆಚೆಯವರು ಒಳ್ಳೆಯವರೇ. ಆದರೆ ಅವರು ಟೀವಿ ನೋಡುವಾಗ ನಾವೂ ಕೇಳಬೇಕು, ನಾವು ಜಗಳವಾಡುವಾಗ ಅವರೂ ಕೇಳಬೇಕು. ಅಮ್ಮ ಜಗಳವನ್ನೂ ಪಿಸುಮಾತಿನಲ್ಲಿ ಆಡುವುದನ್ನು ಕಲಿತಿದ್ದಳು. ಅಪ್ಪನಿಗೆ ವಫ್ರಾದ ಈ ಮಜ್ರಾದಲ್ಲಿ, ಅಂದರೆ ವೀಸಾ ಕೊಟ್ಟ ಧಣಿ ಕಫೀಲರ ತೋಟದಲ್ಲಿ, ಅತಿಥಿಗೃಹದ ಅಡುಗೆಯ ಉಸ್ತುವಾರಿ ಸಿಕ್ಕಿ, ನಾವೂ ಜೊತೆಗೆ ಬಂದು ಇರಬಹುದು ಎಂದಾದಾಗ, ಅಮ್ಮ ಮೊದಲ ದಿನ ಖಾಲಿ ಕ್ಯಾಬಿನ್ ನಡುವೆ ನಿಂತು ಸುಮ್ಮನೆ ಒಮ್ಮೆ ಕೆಮ್ಮಿದಳು. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋಡಿ, ಇಲ್ಲಿ ನಾನು ಕೆಮ್ಮಿದ್ರೆ ನಂಗೆ ಮಾತ್ರ ಕೇಳ್ತದೆ."

"ನಂಗೂ ಕೇಳ್ತದೆ ಮಾರಾಯ್ತಿ. ಕೆಮ್ಮಿಗೆ ಕಷಾಯ ಮಾಡಿ ಕುಡಿ," ಎಂದರು ಅಪ್ಪ. ಆಮೇಲೆ ದನಿ ತಗ್ಗಿಸಿ ಷರತ್ತುಗಳನ್ನು ಹೇಳಿದರು. ಅತಿಥಿಗಳ ಕಣ್ಣಿಗೆ ಬೀಳಬಾರದು. ಪ್ರಾಣಿಗಳ ಹತ್ತಿರ ಹೋಗಬಾರದು. ಎರಡರಲ್ಲಿ ಒಂದು ತಪ್ಪಿದರೂ ಪುನಃ ಮಂಗಫ್.

ಕಫೀಲರನ್ನು ನಾವೆಲ್ಲ ಬಾಬಾ ಎನ್ನುತ್ತಿದ್ದೆವು. ಅವರು ಒಮ್ಮೆ ಆಫ್ರಿಕಕ್ಕೆ ಹೋಗಿ, ಕಾಡಿನ ನಡುವಿನ ವಸತಿಗೃಹವೊಂದರಲ್ಲಿ ತಂಗಿ, ನೀರಿಗೆ ಬರುವ ಪ್ರಾಣಿಗಳನ್ನು ಚಹಾ ಕುಡಿಯುತ್ತ ನೋಡಿ ಬಂದಿದ್ದರಂತೆ. ಅದೇ ಇಲ್ಲಿಯೂ ಬೇಕು ಎಂದರು. ಸೌತೆ, ಟೊಮೆಟೊ ಬೆಳೆಯುತ್ತಿದ್ದ ಜಾಗದ ಹಿಂದೆ ಸಿಮೆಂಟಿನ ಕೊಳ ಬಂತು; ಅದಕ್ಕೆ ಕೆಸರಿನ ಬಣ್ಣ ಬಳಿದರು. ಹುಲ್ಲಿನ ಮಾಡಿನ ಕಾಟೇಜುಗಳು ಬಂದವು. ಮೊದಲ ಧೂಳು ಬಿರುಗಾಳಿಗೆ ಹುಲ್ಲು ಹಾರಿಹೋಗಿ, ಮುಂದಿನ ವರ್ಷ ಪ್ಲಾಸ್ಟಿಕ್ಕಿನ ಹುಲ್ಲು ಬಂತು. ಜೀಬ್ರಾಗಳು, ಉಷ್ಟ್ರಪಕ್ಷಿಗಳು, ಒಂದು ಜೋಡಿ ಜಿರಾಫೆ ವಿಮಾನದಲ್ಲಿ ಬಂದವು. ಚಳಿಗಾಲದ ವಾರಾಂತ್ಯ, ಅಂದರೆ ಗುರುವಾರ, ಶುಕ್ರವಾರಗಳಂದು, ಅತಿಥಿಗಳು ಬಂದು ಕೊಳದ ಎದುರು ಕುರ್ಚಿ ಹಾಕಿ ಕೂರುತ್ತಿದ್ದರು. ಸಿಂಹ ಎಲ್ಲಿ ಎಂದು ಪ್ರತಿ ವಾರ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

"ಸಿಂಹ ರಜೆಯಲ್ಲಿ ಊರಿಗೆ ಹೋಗಿದೆ ಸರ್, ಇಕಾಮಾ ಪರ್ಮಿಟ್ ಆದ ಕೂಡ್ಲೆ ಬರ್ತದೆ," ಎಂದು ಅಪ್ಪ ಖಹ್ವಾ ಬಗ್ಗಿಸುತ್ತ ಅರಬ್ಬಿಯಲ್ಲಿ ಹೇಳಿದರೆ ಎಲ್ಲರೂ ನಗುತ್ತಿದ್ದರು. ಅಪ್ಪ ಮನೆಯೊಳಗೆ ಆ ಬಗೆಯ ಮನುಷ್ಯ ಆಗಿರಲಿಲ್ಲ. ಆ ನಗೆ ಮುಂದಿನ ಬಾಗಿಲಿನ ಹೊರಗೇ ಉಳಿಯುತ್ತಿತ್ತು.

ನನ್ನ ದಿನ ಸೂರ್ಯ ಹುಟ್ಟುವ ಮೊದಲೇ ಶುರುವಾಗುತ್ತಿತ್ತು. ತರಕಾರಿ ಕೊಂಡೊಯ್ಯುವ ಪಿಕಪ್ಪಿನಲ್ಲಿ ಸೌತೆಕಾಯಿಯ ಪೆಟ್ಟಿಗೆಗಳ ಜೊತೆ ಶಾಲೆಗೆ ಹೋಗಿ, ಖಾಲಿ ಪೆಟ್ಟಿಗೆಗಳ ಜೊತೆ ಹಿಂತಿರುಗುತ್ತಿದ್ದೆ. ಅಮ್ಮ ಇಡೀ ದಿನ ಒಬ್ಬಳೇ. ಆದರೂ ಮಂಗಫ್‌ನಲ್ಲಿ ಎಷ್ಟೋ ಜನರ ನಡುವೆ ಇದ್ದಾಗ ಇಲ್ಲದ ಒಂದು ಮಾತುಗಾರಿಕೆ ಅವಳಿಗೆ ಇಲ್ಲಿ ಬಂದಿತ್ತು. ನಾನು ಬಂದ ಕೂಡಲೇ, ಕೈಕಾಲು ತೊಳೆಯುವ ಮೊದಲೇ, ಹಿಂದಿನ ಬಾಗಿಲಿನಿಂದ ಏನೇನು ಕಂಡಿತು ಎಂದು ವರದಿ ಒಪ್ಪಿಸುತ್ತಿದ್ದಳು. ಆ ವರದಿಗಳಲ್ಲಿ ಜಿರಾಫೆ ಇರುತ್ತಿರಲಿಲ್ಲ. ದುಡ್ಡು ಕೊಟ್ಟು ತರಿಸಿದವುಗಳಲ್ಲಿ ಅವಳಿಗೆ ಆಸಕ್ತಿ ಕಡಿಮೆ. ತಾವಾಗಿಯೇ ಬಂದವುಗಳನ್ನು ಅವಳು ಹೆಸರು ಗೊತ್ತಿಲ್ಲದೆ ವರ್ಣಿಸುತ್ತಿದ್ದಳು: ತಲೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡ ಹಕ್ಕಿ, ಮೊಲದ ಕಿವಿಯ ಸಣ್ಣ ನರಿ, ಮುಳ್ಳಿನ ಬಾಲ ಎಳೆದುಕೊಂಡು ಬಂದು ನೀರಿನ ಟ್ಯಾಂಕಿನ ನೆರಳಲ್ಲಿ ಹೊಟ್ಟೆ ಊರಿ ಮಲಗುವ ದಪ್ಪ ಉಡ. ಅಕ್ಟೋಬರಿನಲ್ಲಿ ದೊಡ್ಡ ಹದ್ದುಗಳು ಉತ್ತರದಿಂದ ಬಂದು ನೀರು ಹಾಯಿಸುವ ಗದ್ದೆಯ ಅಂಚಿನಲ್ಲಿ ಬಸ್ಸು ಕಾಯುವವರಂತೆ ಸಾಲಾಗಿ ಕೂರುತ್ತಿದ್ದವು. ಶಾಲೆಯ ಲೈಬ್ರರಿಯಲ್ಲಿ ನಾನು ಅವುಗಳ ಹೆಸರು ಹುಡುಕಿ ತಂದು ಹೇಳಿದರೆ ಅಮ್ಮ ಒಮ್ಮೆ ತಲೆಯಾಡಿಸಿ, ಮರುದಿನ ಪುನಃ "ಆ ಬಾಚಣಿಗೆ ಹಕ್ಕಿ ಬಂದಿತ್ತು" ಎಂದೇ ಹೇಳುತ್ತಿದ್ದಳು.

ತರಿಸಿದವುಗಳ ಪೈಕಿ ಅವಳು ಒಪ್ಪಿಕೊಂಡದ್ದು ಒಂದೇ ಒಂದನ್ನು. ನಮ್ಮ ಹಿಂಬಾಗಿಲಿಗೆ ತಾಗಿದಂತೆಯೇ ಇದ್ದ ಬೇಲಿಯೊಳಗೆ ಒಂದು ಬಿಳಿ ಓರಿಕ್ಸ್ ಇತ್ತು. ಅರಬ್ಬಿಯಲ್ಲಿ ಅದನ್ನು ಮಹಾ ಎನ್ನುತ್ತಾರೆ. ಹೆಸರಿಗೆ ಜಿಂಕೆಯ ಜಾತಿ. ಆದರೆ ಅಗಲವಾದ ಹಣೆ, ಜೋತ ಗಂಟಲು, ಮಲಗಿ ಮೆಲುಕು ಹಾಕುವ ಗಾಂಭೀರ್ಯ ಎಲ್ಲ ದನದ್ದೇ. ಕೊಂಬುಗಳು ಮಾತ್ರ ಎರಡು ನೀಳ ಕೋಲುಗಳು. ಅದು ಗಬ್ಬವಾಗಿತ್ತು. ಬಾಬಾರ ತಾಯಿ, ಎಲ್ಲರೂ ಮಾಮಾ ಕಬೀರ ಎಂದು ಕರೆಯುತ್ತಿದ್ದ ಮುದುಕಿ, ಪ್ರತಿ ಗುರುವಾರ ಅದೊಂದನ್ನು ನೋಡಲಿಕ್ಕೆಂದೇ ಬರುತ್ತಿದ್ದರು. ಅವರ ಅಜ್ಜ ಈ ಮರಳಿನಲ್ಲೇ ಮಹಾಗಳು ಬಿಡುಬೀಸಾಗಿ ಅಲೆಯುವುದನ್ನು ನೋಡಿದ್ದರಂತೆ. ಅಮ್ಮ ಹುಟ್ಟಿದ ಮನೆಯಲ್ಲಿ ಹಟ್ಟಿ ಇತ್ತು. ಮದುವೆಯಾಗುವವರೆಗೆ ಹಾಲು ಕರೆಯುವುದು ಅವಳ ಕೆಲಸ. ಮಧ್ಯಾಹ್ನ ಕೆಲಸ ಮುಗಿಸಿ ಹಿಂಬಾಗಿಲ ಹೊಸ್ತಿಲಲ್ಲಿ ಕುಳಿತು ಅವಳು ಆ ಮೆಲುಕಿನ ಸದ್ದನ್ನು ಕೇಳುತ್ತಿದ್ದಳು. ಬೇರೆಯವರಿಗೆ ರೇಡಿಯೊ ಹೇಗೋ ಹಾಗೆ.

ಆ ವರ್ಷದ ದೀಪಾವಳಿಗೆ ಅವಳು ಮಂಗಫ್‌ನ ಮಲಯಾಳಿ ಅಂಗಡಿಯಿಂದ ಬಾಳೆ ಎಲೆ ತರಿಸಿದಳು. ಅಕ್ಕಿ ರುಬ್ಬಿ, ಬೆಲ್ಲ ತೆಂಗಿನಕಾಯಿ ಸೇರಿಸಿ, ಎಲೆಯಲ್ಲಿ ಮಡಚಿ, ಅತಿಥಿಗಳ ಅಡುಗೆಮನೆಯ ದೊಡ್ಡ ಪಾತ್ರೆಯನ್ನು ಎರವಲು ತಂದು ಗಟ್ಟಿ ಬೇಯಿಸಿದಳು. ನಮಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ಕಡೆ ಗೋಪೂಜೆಯ ದಿನ ದನಗಳನ್ನು ಮೀಯಿಸಿ, ಹಣೆಗೆ ಕುಂಕುಮ ಇಟ್ಟು, ಗಟ್ಟಿ ತಿನ್ನಿಸಿದ ಮೇಲೆಯೇ ಮನೆಯವರು ಉಣ್ಣುವುದು. ನಾನು ತಟ್ಟೆಯ ಎದುರು ಕುಳಿತಿದ್ದೆ.

"ದನ ಉಣ್ಣದೆ ಹೇಗೆ?" ಎಂದಳು ಅಮ್ಮ.

"ಇಲ್ಲಿ ಎಲ್ಲಿದೆ ದನ?"

ಅವಳು ಹಿಂಬಾಗಿಲಿನ ಕಡೆ ನೋಡಿದಳು. ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ರಫೀಕ್ ಭಾಯಿ ಆಗ ಬೇಲಿಯೊಳಗೆ ನೀರು ತುಂಬಿಸುತ್ತಿದ್ದರು. ಅಮ್ಮ ಕುಂಕುಮದ ಡಬ್ಬಿ ಹಿಡಿದು ನಿಂತದ್ದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಭಾಭೀ, ಏ ಗಾಯ್ ನಹೀ ಹೈ!"

"ಮಾಲೂಮ್ ಹೈ ಭಾಯಿ. ಆಜ್ ಕೇ ದಿನ್ ಗಾಯ್ ಹೈ," ಎಂದಳು ಅಮ್ಮ ತನ್ನ ಮುರುಕು ಹಿಂದಿಯಲ್ಲಿ.

ರಫೀಕ್ ಭಾಯಿ ಮೇವಿನ ಬಕೆಟ್ಟು ತೋರಿಸಿ ಮಹಾವನ್ನು ಬೇಲಿಯ ಹತ್ತಿರ ನಿಲ್ಲಿಸಿದರು. ಅಮ್ಮ ಸರಳುಗಳ ನಡುವೆ ಕೈ ತೂರಿಸಿ ಕೊಂಬಿನ ಬುಡಕ್ಕೆ ಹೆಬ್ಬೆರಳಿನಿಂದ ಕುಂಕುಮ ಒತ್ತಿದಳು. ಅದು ಮೊದಲ ಗಟ್ಟಿಯನ್ನು ಮೂಸಿತು, ಆಮೇಲೆ ಎಲೆಸಹಿತ ತಿಂದಿತು. ರಫೀಕ್ ಭಾಯಿ ನಗುತ್ತ ಜೀಬ್ರಾಗಳ ಕಡೆ ಹೋದರು. ಅಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಮಹಾ ಮುಖ ಮುಂದೆ ಚಾಚಿದಂತೆಲ್ಲ ಕೊಡುತ್ತ ಹೋದಳು. ಗಟ್ಟಿ ಹಾಕಿ ತಂದಿದ್ದ ಬೇಸಿನ್ ಇಡೀ ಖಾಲಿಯಾಯಿತು. ಮರುದಿನ ಬೆಳಿಗ್ಗೆ ನಮ್ಮ ಪಾಲಿನಲ್ಲಿ ಉಳಿದಿದ್ದ ಗಟ್ಟಿಯನ್ನೂ, ಅದು ಬೇಲಿಗೆ ಬಂದು ಕಾದು ನಿಂತಿತೆಂದು, ಕೊಟ್ಟುಬಿಟ್ಟಳು. ಅಪ್ಪನಿಗೆ ಕೊಂಬಿನ ಕುಂಕುಮ ಕಂಡು ಗೊತ್ತಾಯಿತು. ಅವರು ಒದ್ದೆ ಬಟ್ಟೆಯನ್ನು ಕೋಲಿಗೆ ಸುತ್ತಿ ಅದನ್ನು ಒರೆಸಿದರು. ಒಳಗೆ ಬಂದು, ಬೇರೆ ಯಾರೂ ಕೇಳದ ಮನೆಯಲ್ಲಿಯೂ, ಪಿಸುಮಾತಿನಲ್ಲೇ ಬೈದರು.

ಅದರ ಮಾರನೆಯ ದಿನ ಗುರುವಾರ. ಶಾಲೆಗೆ ರಜೆ. ಬೆಳಿಗ್ಗೆ ರಫೀಕ್ ಭಾಯಿಯ ಕೂಗಿಗೆ ನಾನು ಹಿಂಬಾಗಿಲಿಗೆ ಓಡಿದೆ. ಮಹಾ ಮಲಗಿತ್ತು. ಎಡಗಡೆಯ ಹೊಟ್ಟೆ ಉಬ್ಬಿ ಬಿಗಿದಿತ್ತು. ಕತ್ತು ಚಾಚಿ ಹಲ್ಲು ಕಡಿಯುತ್ತಿತ್ತು. ಆ ಸದ್ದು ಮೆಲುಕಿನ ಸದ್ದಿಗೆ ಹತ್ತಿರವೇ ಇತ್ತು. ಅದಕ್ಕೇ ಅದನ್ನು ಕೇಳಿ ಸಹಿಸಲಾಗುತ್ತಿರಲಿಲ್ಲ. ವಫ್ರಾದ ತೋಟಗಳಿಗೆಲ್ಲ ಬರುತ್ತಿದ್ದ ಸುಡಾನಿನ ಪಶುವೈದ್ಯರು ಬಂದರು. ಮೊಣಕಾಲೂರಿ, ಹೊಟ್ಟೆಗೆ ಬೆರಳಿನಿಂದ ಬಡಿದು ಕಿವಿಯಿಟ್ಟು ಕೇಳಿದರು. ಮರಳುಗಾಡಿನಲ್ಲಿ ಕ್ಯಾಂಪು ಹಾಕುವವರು ಬಿಸಾಡಿದ ಪ್ಲಾಸ್ಟಿಕ್ ಚೀಲಗಳನ್ನು ತಿಂದು ಹಿಂದಿನ ಚಳಿಗಾಲದಲ್ಲಿ ಎಷ್ಟೋ ಆಡು, ಒಂಟೆಗಳು ಸತ್ತಿದ್ದವು. ಇದೂ ಅದೇ ಎಂದರು ಅವರು. ಹೊಟ್ಟೆ ಕೊಯ್ದು ತೆಗೆಯಬೇಕು. ಗಬ್ಬ ಉಳಿಯುವುದು ಕಷ್ಟ. ಇದು ಉಳಿದರೆ ಪುಣ್ಯ.

ಅಪ್ಪ ಕೊಂಬಿನ ಬುಡವನ್ನೇ ನೋಡುತ್ತ ನಿಂತಿದ್ದರು. ರಫೀಕ್ ಭಾಯಿ ನೆಲ ನೋಡುತ್ತಿದ್ದರು. ಅಮ್ಮ ತಲೆಗೆ ಸೆರಗು ಹೊದ್ದು ಹೊಸ್ತಿಲಿನಿಂದ ಇಳಿದು ನನ್ನ ಹೆಗಲು ಹಿಡಿದಳು. ಅವಳಿಗೆ ಅರಬ್ಬಿ ಬಾರದು. ಡಾಕ್ಟರು ಹೊಟ್ಟೆಯ ಮೇಲೆ ಕೈಯಿಂದ ಗೆರೆ ಎಳೆದು ತೋರಿಸಿದ್ದು ಅವಳಿಗೆ ಕಂಡಿತ್ತು.

"ಎಂತ ಹೇಳ್ತಾರೆ?"

ನಾನು ಹೇಳಿದೆ.

"ಪ್ಲಾಸ್ಟಿಕ್ ಅಲ್ಲ ಅಂತ ಹೇಳು ಅವರಿಗೆ."

"ಒಳಗೆ ಹೋಗು," ಎಂದರು ಅಪ್ಪ.

"ನೀವು ಹೇಳಿ ಹಾಗಾದ್ರೆ. ನಿಮಗೆ ಬರ್ತದಲ್ಲ ಅರಬ್ಬಿ."

"ಹೇಳಿದ್ರೆ ನಾಳೆ ನೀವಿಬ್ರು ಎಲ್ಲಿರ್ತೀರಿ, ಗೊತ್ತುಂಟಾ ನಿಂಗೆ?"

"ಪರದೆ ಹಿಂದೆ. ಗೊತ್ತುಂಟು," ಎಂದಳು ಅಮ್ಮ. "ಬಸುರಿಯನ್ನು ಸುಮ್ಮನೆ ಕೊಯ್ಯುವುದನ್ನು ನೋಡ್ಲಿಕ್ಕೆ ನನ್ನಿಂದಾಗುದಿಲ್ಲ. ಹೇಳು ಮಗಾ. ನಾನು ಕೊಟ್ಟದ್ದು ಅಂತ ಹೇಳು." ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು. "ರಫೀಕ್ ಭಾಯಿ ಹೆಸರು ಮಾತ್ರ ತೆಗೀಬೇಡ."

ನನ್ನ ಅರಬ್ಬಿ ಶಾಲೆಯದು. ಪಾಠಪುಸ್ತಕದ ಹುಡುಗರು ಮಾರುಕಟ್ಟೆಗೆ ಹೋಗಿ ಹಣ್ಣು ಕೊಳ್ಳುವಷ್ಟು ಮಾತ್ರ. ಪರೀಕ್ಷೆಯ ಹೊರಗೆ ಅದನ್ನು ಬಾಯಿಬಿಟ್ಟು ಆಡಿದವಳೇ ಅಲ್ಲ. ಅಪರಿಚಿತರ ಎದುರು ನನಗೆ ಯಾವ ಭಾಷೆಯೂ ಬರುತ್ತಿರಲಿಲ್ಲ. ಅಪ್ಪನ ಮುಖ ನೋಡಿದರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ಡಾಕ್ಟರ ಚಪ್ಪಲಿ ನೋಡುತ್ತ ಹೇಳಿದೆ. ನನ್ನ ತಾಯಿ ಇದಕ್ಕೆ ಅಕ್ಕಿ ಮತ್ತು ಸಕ್ಕರೆ ಕೊಟ್ಟಳು. ಬೆಲ್ಲಕ್ಕೆ ಶಬ್ದ ನನಗೆ ಗೊತ್ತಿರಲಿಲ್ಲ.

ಡಾಕ್ಟರು ತಿರುಗಿದರು. "ಎಷ್ಟು?"

"ತುಂಬ," ಎಂದೆ.

"ತುಂಬ ಎಂದರೆ ನನಗೆ ಏನೂ ತಿಳಿಯುವುದಿಲ್ಲ ಮಗಳೇ. ಪಾತ್ರೆ ತಂದು ತೋರಿಸು."

ನಾನು ಓಡಿಹೋಗಿ ಬೇಸಿನ್ ತಂದೆ. ಎಲ್ಲಿಯವರೆಗೆ ತುಂಬಿತ್ತು ಎಂದು ಅಮ್ಮ ಬೆರಳಿಟ್ಟು ತೋರಿಸಿದಳು. ನಾನು ಅಲ್ಲೇ ಬೆರಳು ಹಿಡಿದು ಡಾಕ್ಟರಿಗೆ ತೋರಿಸಿದೆ. ಮರುದಿನ ಬೆಳಿಗ್ಗೆ ಕೊಟ್ಟದ್ದನ್ನೂ ಹೇಳಿದೆ. ಹಸಿಯೋ ಬೇಯಿಸಿದ್ದೋ, ಎಲೆ ತಿಂದಿತೋ, ಆಮೇಲೆ ನೀರು ಕುಡಿಯಿತೋ ಎಂದು ಅವರು ಒಂದೊಂದಾಗಿ ಕೇಳಿದರು. ನಾನು ಅಮ್ಮನನ್ನು ಕೇಳಿ ಒಂದೊಂದಾಗಿ ಹೇಳಿದೆ. ಗದರಲಿಲ್ಲ ಅವರು. ತೆಗೆದಿಟ್ಟಿದ್ದ ಬ್ಲೇಡುಗಳನ್ನು ಪುನಃ ಬಟ್ಟೆಯಲ್ಲಿ ಸುತ್ತಿ, ರಬ್ಬರ್ ಕೊಳವೆ ಹೊರತೆಗೆದು, ಅಡುಗೆ ಸೋಡಾ ಬೇಕು, ಎಣ್ಣೆ ಬೇಕು, ಬೇಗ ಎಂದರು. ಅಷ್ಟು ಹೊತ್ತು ಕಂಬದಂತಿದ್ದ ಅಪ್ಪ ಆಗ ಕದಲಿದರು. ಅತಿಥಿಗಳ ಅಡುಗೆಮನೆಯಿಂದ ಸೋಡಾದ ಡಬ್ಬವನ್ನೂ ಎಣ್ಣೆಯ ಕ್ಯಾನನ್ನೂ ತಂದು, ನೀರಿಗೆ ಕಲಸಿ, ಮಹಾದ ತಲೆಯನ್ನು ತನ್ನ ತೊಡೆಯ ಮೇಲಿಟ್ಟು ಹಿಡಿದುಕೊಂಡರು. ಪ್ರಾಣಿಗಳ ಹತ್ತಿರ ಹೋಗಬಾರದು ಎಂಬ ಷರತ್ತು ಅವರಿಗೂ ಇತ್ತು.

ಇಂದಿಗೂ ಯಾರಾದರೂ "ತುಂಬ", "ಸುಮಾರು" ಎಂದು ಮಾತು ಮುಗಿಸಿದರೆ ನನಗೆ ಕಸಿವಿಸಿಯಾಗುತ್ತದೆ. ಪಾತ್ರೆ ತೋರಿಸಿ ಎನ್ನಬೇಕೆನಿಸುತ್ತದೆ. ಜೊತೆಗೆ, ಇದ್ದದ್ದನ್ನು ಇದ್ದಂತೆ ಹೇಳುವಾಗಲೂ ಒಂದು ಹೆಸರನ್ನು ಒಳಗೆ ಉಳಿಸಿಕೊಳ್ಳಬಹುದು ಎಂಬುದನ್ನೂ ಕಲಿತದ್ದು ಆ ಬೆಳಿಗ್ಗೆಯೇ. ನನ್ನ ಸ್ನೇಹಿತೆಯರು ನನ್ನ ಬಗ್ಗೆ ದೂರುವ ಎರಡು ಗುಣಗಳೂ ಇವೇ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಉಬ್ಬರ ಇಳಿಯಿತು. ಮಹಾ ಮುಂಗಾಲೂರಿ ಎದ್ದು ನಿಂತು, ಸ್ವಲ್ಪ ತೂರಾಡಿ, ಸೆಗಣಿ ಹಾಕಿತು. ರಫೀಕ್ ಭಾಯಿ ಎರಡೂ ಕೈ ಎತ್ತಿ ದೇವರನ್ನು ನೆನೆದರು. ಮಾಮಾ ಕಬೀರ ಬಂದದ್ದು ಆಮೇಲೆ. ಡಾಕ್ಟರು ನಡೆದದ್ದನ್ನು ಹೇಳಿದರು. ಮುದುಕಿ ಬೇಲಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕುಳಿತು ಅಮ್ಮನನ್ನು ಕರೆಸಿದರು. ನಡುವೆ ಪುನಃ ನಾನು.

"ಮಹಾಗೆ ಅನ್ನ ಯಾಕೆ ಕೊಟ್ಟೆ?"

"ಆ ದಿನ ನಮ್ಮಲ್ಲಿ ದನ ಉಂಡ ಮೇಲೆಯೇ ನಾವು ಉಣ್ಣುವುದು. ಇಲ್ಲಿ ದನ ಇಲ್ಲ."

ಮಾಮಾ ಕಬೀರ ಬೇಲಿಯೊಳಗಿನ ಮಹಾವನ್ನು ನೋಡಿದರು. "ನನ್ನ ತಾಯಿ ಒಂಟೆಗೆ ಖರ್ಜೂರ ತಿನ್ನಿಸಿದ ಮೇಲೆ ನಮಗೆ ಕೊಡುತ್ತಿದ್ದಳು," ಎಂದರು. "ಆದರೆ ಒಂಟೆಗೆ ಯಾವುದು ಎಷ್ಟು ಆಗುತ್ತದೆಂದು ಅವಳಿಗೆ ಗೊತ್ತಿತ್ತು." ತಮ್ಮ ಕೈಚೀಲದಿಂದ ಖರ್ಜೂರ ತೆಗೆದು ನನ್ನ ಕೈಗಿಟ್ಟರು. "ನಿನ್ನ ಗಂಡ ಇಲ್ಲೇ ಕೆಲಸ ಮಾಡಲಿ. ಅವನ ಅಡುಗೆ ಚೆನ್ನಾಗಿದೆ. ನೀವಿಬ್ಬರು ಪಟ್ಟಣದೊಳಗೆ ಹೋಗಿ ಇರಿ. ಖಲಾಸ್."

ಇದನ್ನು ಅಮ್ಮನಿಗೆ ತುಳುವಿನಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಅವಳು ಕೈಮುಗಿದು, ಬೇಸಿನ್ ಎತ್ತಿಕೊಂಡು ಒಳಗೆ ಹೋದಳು.

ಹೀಗೆ ನಾವು ಪುನಃ ಮಂಗಫ್‌ಗೆ ಬಂದೆವು. ಬೇರೆ ಫ್ಲಾಟ್, ಬೇರೆ ಕುಟುಂಬ, ಅಂಥದೇ ಪರದೆ. ಶಾಲೆ ನಡೆದು ಹೋಗುವಷ್ಟೇ ದೂರ. ಬೆಳಿಗ್ಗೆ ಎಷ್ಟು ಹೊತ್ತು ಬೇಕಾದರೂ ಮಲಗಬಹುದಿತ್ತು, ಆದರೆ ನಾನು ಕತ್ತಲಿರುವಾಗಲೇ ಎದ್ದು ಕೂರುತ್ತಿದ್ದೆ. ಕಿಟಕಿಯಿಂದ ಕಾಣುತ್ತಿದ್ದದ್ದು ಕಂಪನಿ ಬಸ್ಸಿಗೆ ಕಾಯುವ ಗಂಡಸರ ಸಾಲು ಮತ್ತು ಪಾರಿವಾಳಗಳು. ಅಮ್ಮ ವರದಿ ಕೊಡುವುದನ್ನು ನಿಲ್ಲಿಸಿದಳು. ಅಪ್ಪ ಶನಿವಾರ ಸಂಜೆ ಬಂದು, ಉಂಡು, ಮಲಗಿ, ಬೆಳಿಗ್ಗೆ ಹೋಗುತ್ತಿದ್ದರು. ನನ್ನ ಓದಿನ ಬಗ್ಗೆ ಕೇಳುತ್ತಿದ್ದರು. ಅಮ್ಮನ ಜೊತೆ ಅಕ್ಕಿ, ಗ್ಯಾಸು, ಊರಿನ ಫೋನು, ಇಷ್ಟೇ ಮಾತು. ಜಗಳವಾಡಿದ್ದರೆ ವಾಸಿಯಿತ್ತು ಎಂದು ನನಗೆ ಅನಿಸುತ್ತಿತ್ತು. ಪರದೆಯ ಆಚೆಯವರು ನಮ್ಮನ್ನು ಬಹಳ ಅನ್ಯೋನ್ಯ ಸಂಸಾರ ಎಂದು ಹೊಗಳುತ್ತಿದ್ದರು.

ಒಮ್ಮೆ ಮಾತ್ರ, ಧೂಳಿನ ದಿನಗಳು ಶುರುವಾಗುವ ಮೊದಲು, ಅಪ್ಪ ಉಂಡ ಕೈ ತೊಳೆಯುತ್ತ ನಲ್ಲಿಗೆ ಹೇಳುವಂತೆ ಹೇಳಿದರು:

"ಕರು ಹಾಕಿತು."

ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. "ಎಂತ ಕರು?"

"ಹೆಣ್ಣು. ಕಂದು ಬಣ್ಣ."

"ಕಂದಾ? ತಾಯಿ ಬಿಳಿಯಲ್ಲ?"

"ಹುಟ್ಟುವಾಗ ಎಲ್ಲ ಹಾಗೇ ಅಂತೆ. ಬೆಳೀತಾ ಬಿಳಿಯಾಗ್ತದಂತೆ."

ಅಷ್ಟೇ. ಆದರೆ ಆ ವಾರವಿಡೀ ಅಮ್ಮ ಒಬ್ಬಳೇ ಇರುವಾಗ "ಕಂದು" ಎಂದು ಆಗಾಗ ತನ್ನಷ್ಟಕ್ಕೆ ಹೇಳಿ ತಲೆಯಾಡಿಸುತ್ತಿದ್ದಳು.

ಮತ್ತೆ ದೀಪಾವಳಿ ಬಂತು. ಅದಕ್ಕೆ ಒಂದು ವಾರ ಮೊದಲಿನಿಂದ ಅಮ್ಮನ ಕುಂಕುಮದ ಸಣ್ಣ ಡಬ್ಬಿ ಕಾಣುತ್ತಿರಲಿಲ್ಲ. ಅವಳು ಮಂಚದ ಅಡಿ, ಅಕ್ಕಿಯ ಚೀಲ, ನನ್ನ ಪೆನ್ಸಿಲ್ ಬಾಕ್ಸು ಎಲ್ಲ ಹುಡುಕಿ, ಪರದೆಯ ಆಚೆಯ ಮಗುವಿನ ಮೇಲೂ ಒಂದಿಷ್ಟು ಸಂಶಯಪಟ್ಟು, ಕೊನೆಗೆ ಸುಮ್ಮನಾದಳು. ಗೋಪೂಜೆಯ ದಿನ ನಾನು ಶಾಲೆಯಿಂದ ಬಂದಾಗ ಮನೆಯಲ್ಲಿ ಬೆಂದ ಬಾಳೆ ಎಲೆಯ ವಾಸನೆ. ಗಟ್ಟಿ ಈ ಸಲ ಲೆಕ್ಕದ್ದು, ಮೂರು ಜನಕ್ಕೆ ಸಾಕಾಗುವಷ್ಟು. ಅದರ ಮೇಲೆ ತಟ್ಟೆ ಮುಚ್ಚಿಟ್ಟು ಅಮ್ಮ ಕಿಟಕಿಯ ಹತ್ತಿರ ನಿಂತಿದ್ದಳು. ಹಸಿವಾಗುತ್ತದೆ ಎಂದರೆ ಒಂದು ಬಾಳೆಹಣ್ಣು ಕೊಟ್ಟಳು. ಅವಳೂ ಬೆಳಿಗ್ಗೆಯಿಂದ ಚಹಾ ಬಿಟ್ಟು ಏನೂ ತಗೊಂಡಿರಲಿಲ್ಲ. ಪಾರಿವಾಳಕ್ಕೆ ಹಾಕಿ ಉಣ್ಣೋಣ ಎಂದೆ. ಅವಳು ಪಾರಿವಾಳಗಳನ್ನು ನೋಡಿದಳು, ನನ್ನನ್ನು ನೋಡಿದಳು, ಬೇಡ ಎಂದಳು.

ಶನಿವಾರ ಅಲ್ಲದ ದಿನ ಅಪ್ಪ ಬರುವುದು ಇರಲಿಲ್ಲ. ಹೊತ್ತು ಇಳಿಯುವಾಗ ಬಾಗಿಲಲ್ಲಿ ಅವರ ಚಪ್ಪಲಿಯ ಸದ್ದಾಯಿತು. ಅಂಗಿಗೆ ಹಸಿರು ಮೇವಿನ ವಾಸನೆ. ತೋಳಿನಲ್ಲಿ ಬೇಲಿಯ ತಂತಿ ಗೀರಿದ ಗುರುತು. ಅವರು ಜೇಬಿನಿಂದ ಕುಂಕುಮದ ಡಬ್ಬಿ ತೆಗೆದು ಒಲೆಯ ಪಕ್ಕ ಇಟ್ಟರು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಇತ್ತು. ಅಮ್ಮ ಆ ಬೆರಳನ್ನೇ ನೋಡುತ್ತ ನಿಂತಳು.

"ತಾಯಿಗೂ ಇಟ್ಟೆ, ಮಗಳಿಗೂ ಇಟ್ಟೆ," ಎಂದರು ಅಪ್ಪ. ಆಮೇಲೆ ಸ್ವಲ್ಪ ಗಡಿಬಿಡಿಯಲ್ಲಿ ಸೇರಿಸಿದರು, "ಗಟ್ಟಿ ಕೊಡ್ಲಿಲ್ಲ ಮಾರಾಯ್ತಿ. ಹುಲ್ಲು ಮಾತ್ರ. ಡಾಕ್ಟ್ರನ್ನು ಕೇಳಿಯೇ ಕೊಟ್ಟದ್ದು."

"ತಿಂದಿತಾ?"

"ತಿನ್ನದೆ! ಎರಡೂ ತಿಂದುವು."

ಅಮ್ಮ ಗಟ್ಟಿಯ ಮೇಲಿನ ತಟ್ಟೆ ತೆಗೆದಳು.

"ಹಾಗಾದ್ರೆ ಇನ್ನು ನಾವು ಉಣ್ಣುವ," ಎಂದಳು, ಪರದೆಯ ಆಚೆಗೂ ಕೇಳಿಸುವ ಹಾಗೆ. "ತಟ್ಟೆ ಇಡು ಮಗಾ."